ಮುಗಿಸಿದ ಪ್ರತಿ ರೇಸಲ್ಲೂ ಅವರಿಗಿಂತ ಮುಂದೆ, ಸೀರೀಸಲ್ಲಿ ಮಾತ್ರ ಹಿಂದೆ: ಇದು ಹೇಗೆ?

ಓದುಗರ ಪ್ರಶ್ನೆ: ಸರ್ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಲ್ಲಿ ರೆಡಿಂಗ್ ಹತ್ರ ಕೆಲಸ ಮಾಡ್ಕೊಂಡಿದ್ದೀನಿ. ಇಲ್ಲಿ ಒಂದು ಕೆರೇಲಿರೋ ಚಿಕ್ಕ ಸೈಲಿಂಗ್ ಕ್ಲಬ್ ಸೇರಿ, ಲೇಸರ್ ಅನ್ನೋ, ಒಬ್ಬರೇ ಓಡಿಸೋ ಹಾಯಿ ಬೋಟ್ ಸೆಕೆಂಡ್ ಹ್ಯಾಂಡ್ ತಗೊಂಡು ಭಾನುವಾರದ ಸೀರೀಸ್ ಆಡಿದೆ. 22 ಬೋಟ್ ಎಂಟ್ರಿ, ಒಟ್ಟು 8 ರೇಸ್, 2 ಡಿಸ್ಕಾರ್ಡ್ (ಅಂದ್ರೆ ತೀರಾ ಕೆಟ್ಟ ಎರಡು ಸ್ಕೋರ್ ಲೆಕ್ಕಕ್ಕಿಲ್ಲ). ಮೊದಲನೇ ರೇಸಲ್ಲಿ ಎಲ್ಲರಿಗಿಂತ ಮುಂಚೆ ಲೈನ್ ದಾಟಿದೆ, ರಿಸಲ್ಟಲ್ಲಿ 4ನೇ ಸ್ಥಾನ ಅಂತ ಬಂತು. ಆಮೇಲೆ 2, 3, ನಾಲ್ಕನೇ ರೇಸಲ್ಲಿ ಬೇಗ ಸ್ಟಾರ್ಟ್ ಮಾಡಿದೆ ಅಂತ ಓಸಿಎಸ್ (ಹಾರ್ನ್ ಕೇಳಿಸ್ತು, ಬೇರೆ ಯಾರಿಗೋ ಅಂದ್ಕೊಂಡೆ), ಆಮೇಲೆ 2, 3. ಏಳನೇ ರೇಸ್ ದಿನ ನಂಗೆ ಸೇಫ್ಟಿ ಬೋಟ್ ಡ್ಯೂಟಿ ಇತ್ತು, ಎಂಟನೇದಕ್ಕೆ ತಂಗಿ ಮದುವೆ ಅಂತ ಊರಿಗೆ ಹೋಗಿದ್ದೆ. ಎರಡಕ್ಕೂ ಡಿಎನ್‌ಸಿ (ರೇಸಿಗೆ ಬಂದಿಲ್ಲ ಅಂತ), ತಲಾ 23 ಪಾಯಿಂಟ್. ಒಟ್ಟು 37. ಸೋಲೋ ಅನ್ನೋ ಇನ್ನೊಂದು ಥರದ ಬೋಟ್ ಓಡಿಸೋ ಒಬ್ರು ನಾನು ಮುಗಿಸಿದ ಒಂದೇ ಒಂದು ರೇಸಲ್ಲೂ ನನ್ನ ಮುಂದೆ ಬಂದಿಲ್ಲ, ಅವರ ಸ್ಥಾನಗಳು 6, 5, 7, 4, 6, 5, 8, 6, ಆದ್ರೆ 32 ಪಾಯಿಂಟಲ್ಲಿ ನನಗಿಂತ ಮೇಲೆ ಇದ್ದಾರೆ. ಇನ್ನೊಂದು ವಿಷಯ, ಒಂದು ರೇಸಲ್ಲಿ ನಾನು ಸ್ಟಾರ್‌ಬೋರ್ಡ್ ಮೇಲಿದ್ದಾಗ (ಬಲಗಡೆಯಿಂದ ಗಾಳಿ) ಕ್ಲಬ್‌ನ ಹಿರಿಯರೊಬ್ರು ಪೋರ್ಟ್ ಮೇಲೆ (ಎಡಗಡೆಯಿಂದ ಗಾಳಿ) ಮುಂದೆ ನುಗ್ಗಿದ್ರು, ನಾನೇ ಬೋಟ್ ತಿರುಗಿಸಿ ತಪ್ಪಿಸ್ಕೊಂಡೆ, ಕೇಳಿದ್ರೆ "ಟಚ್ ಆಗಿಲ್ವಲ್ಲ" ಅಂದ್ರು. ಇಲ್ಲಿ ಪ್ರೊಟೆಸ್ಟ್ (ರೂಲ್ ಮುರಿದ್ರು ಅಂತ ದೂರು) ಎಲ್ಲ ಯಾರೂ ಮಾಡಲ್ಲ ಅಂತ ಬೇರೆಯವರು ಹೇಳಿದ್ರು. ಹೊಸಬ, ಹೊರಗಿನವನು ಅಂತ ಹೀಗಾಗ್ತಿದೆಯಾ? ನನ್ನ ತೂಕ 62 ಕೆಜಿ, ಲೇಸರ್ ಮಾರಿ ಸೋಲೋನೇ ತಗೊಳ್ಳಾ?

ಉತ್ತರ:

ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ, ಯಾಕಂದ್ರೆ ನೀವು ಜೋರಾಗಿ ಕೇಳಿರೋ ಪ್ರಶ್ನೆಗಿಂತ ಮಧ್ಯದಲ್ಲಿ ಸುಮ್ನೆ ಹೇಳಿ ಬಿಟ್ಟಿರೋ ಒಂದು ಮಾತು ನಿಮಗೆ ಜಾಸ್ತಿ ಉಪಯೋಗಕ್ಕೆ ಬರೋ ಥರ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಆ "ಹೊರಗಿನವನು" ಅನ್ನೋ ಅನುಮಾನ. ರೇಸ್ ಕಮಿಟೀಲೂ ಪ್ರೊಟೆಸ್ಟ್ ಹಿಯರಿಂಗಲ್ಲೂ ಬಹಳ ವರ್ಷದಿಂದ ಕೂತಿರೋನು ನಾನು, ನಿಮ್ಮ ಲೆಕ್ಕ ನೋಡಿದ್ರೆ ಅದರಲ್ಲಿ ಯಾರದ್ದೋ ಕೈವಾಡ ಕಾಣಲ್ಲ, ರೂಲ್ ಪುಸ್ತಕದ ಅಪೆಂಡಿಕ್ಸ್ ಎ (ಪಾಯಿಂಟ್ ಲೆಕ್ಕದ ಭಾಗ) ಹೆಂಗೆ ಹೇಳತ್ತೋ ಹಂಗೇ ಕೂಡಿಸಿದ್ದಾರೆ. ಅಲ್ಲೇ ಹುಟ್ಟಿ ಬೆಳೆದೋರು ನಿಮ್ಮ ಜಾಗದಲ್ಲಿ ಇದ್ರೂ 37 ಪಾಯಿಂಟೇ ಬರ್ತಿತ್ತು. ಆದ್ರೆ ಲೆಕ್ಕ ಸರಿಯಾಗಿ ಕೂಡಿಸಿದ್ದಾರೆ ಅಂದ ಮಾತ್ರಕ್ಕೆ ನಿಮಗೆ ಬರಬೇಕಾಗಿದ್ದೆಲ್ಲ ಬಂದಿದೆ ಅಂತ ಅಲ್ಲ.

ಫಸ್ಟ್ ಲೈನ್ ದಾಟಿ 4ನೇ ಸ್ಥಾನ ಹೆಂಗೆ ಬಂತು ಅನ್ನೋದು ಸುಲಭ, ಅದನ್ನ ಮುಗಿಸಿಬಿಡೋಣ. ನಿಮ್ಮ ಕ್ಲಬ್ಬಲ್ಲಿ ಬೇರೆ ಬೇರೆ ಥರದ ಬೋಟ್‌ಗಳು ಒಟ್ಟಿಗೆ ಓಡ್ತವೆ, ಹಾಗಾಗಿ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅನ್ನೋ ಹ್ಯಾಂಡಿಕ್ಯಾಪ್ ಹಾಕ್ತಾರೆ, ಬ್ರಿಟನ್ನಿನ ಕ್ಲಬ್‌ಗಳಲ್ಲಿ ಇದು ತೀರಾ ಮಾಮೂಲಿ. ಕ್ರಿಕೆಟಲ್ಲಿ ಮಳೆ ಬಂದಾಗ ಡಕ್‌ವರ್ತ್ ಲೂಯಿಸ್ ಲೆಕ್ಕ ಬಂದು ಟಾರ್ಗೆಟ್ ಬದಲಾಗತ್ತಲ್ಲ, ಹೆಚ್ಚುಕಮ್ಮಿ ಹಾಗೇ, ಇಲ್ಲಿ ಮಾತ್ರ ಪ್ರತಿ ರೇಸಲ್ಲೂ ಇರತ್ತೆ. ಪ್ರತಿ ಥರದ ಬೋಟ್‌ಗೂ ಒಂದು ನಂಬರ್, ನಂಬರ್ ಕಮ್ಮಿ ಇದ್ರೆ ಬೋಟ್ ಫಾಸ್ಟ್ ಅಂತ. ನೀವು ತಗೊಂಡ ಸಮಯವನ್ನ 1000ದಿಂದ ಗುಣಿಸಿ ಆ ನಂಬರಿಂದ ಭಾಗಿಸಿದ್ರೆ ಬರೋದೇ ಕರೆಕ್ಟೆಡ್ ಟೈಮ್. ದೊಡ್ಡ ಹಾಯಿಯ ಲೇಸರ್ ನಂಬರ್ 1100ರ ಆಸುಪಾಸು, ಸೋಲೋದು 1140ರ ಆಸುಪಾಸು ಅಂತ ಇಟ್ಕೊಳ್ಳಿ. ನೀವು 50 ನಿಮಿಷಕ್ಕೆ ಮುಗಿಸಿದ್ರೆ ಅದು 3000 ಸೆಕೆಂಡ್, ಕರೆಕ್ಟ್ ಮಾಡಿದ್ಮೇಲೆ 2727. ಸೋಲೋ ನಿಮಗಿಂತ 1 ನಿಮಿಷ 20 ಸೆಕೆಂಡ್ ತಡವಾಗಿ ಬಂದ್ರೆ 3080 ಸೆಕೆಂಡ್, ಕರೆಕ್ಟ್ ಮಾಡಿದ್ರೆ 2702. ಅವರೇ ಮೇಲೆ. ಅಂದ್ರೆ 50 ನಿಮಿಷದ ರೇಸಲ್ಲಿ ಸೋಲೋಗಿಂತ ಕನಿಷ್ಠ 1 ನಿಮಿಷ 50 ಸೆಕೆಂಡ್ ಮುಂಚೆ ನೀವು ಮುಗಿಸಬೇಕು. ಈ ಅಂತರ ತಲೇಲಿ ಇಟ್ಕೊಂಡು ಹಿಂದೆ ತಿರುಗಿ ನೋಡ್ತಾ ಓಡಿಸಿದ್ರೆ ರಿಸಲ್ಟ್ ನೋಡಿ ಶಾಕ್ ಆಗಲ್ಲ. ಈ ನಂಬರ್‌ಗಳನ್ನ ಆರ್‌ವೈಎ, ಅಂದ್ರೆ ರಾಯಲ್ ಯಾಚಿಂಗ್ ಅಸೋಸಿಯೇಷನ್ನು, ಕ್ಲಬ್‌ಗಳು ಕಳಿಸೋ ರಿಸಲ್ಟ್‌ಗಳ ಆಧಾರದ ಮೇಲೆ ಪ್ರತಿ ವರ್ಷ ತಿದ್ದತ್ತೆ, ಜೊತೆಗೆ ತಮ್ಮ ಕೆರೆಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳೋ ಸ್ವಾತಂತ್ರ್ಯ ಕ್ಲಬ್‌ಗೂ ಇದೆ, ಅದಕ್ಕೇ ನಿಮ್ಮ ಕ್ಲಬ್ ಯಾವ ನಂಬರ್ ಹಾಕ್ತಿದೆ ಅಂತ ಬೋರ್ಡ್ ನೋಡ್ಕೊಳ್ಳಿ.

ಕೆಲವು ಸಲ ನಿಧಾನದ ಬೋಟ್‌ಗಳನ್ನ ಒಂದು ಸುತ್ತು ಕಮ್ಮಿ ಇರೋವಾಗ್ಲೇ ಫಿನಿಶ್ ಮಾಡಿಸ್ತಾರೆ, ಅದನ್ನ ನೋಡಿ ಮೋಸ ಅಂದ್ಕೋಬೇಡಿ, ಅವರ ಒಂದು ಸುತ್ತಿನ ಸರಾಸರಿ ಸಮಯ ತಗೊಂಡು ನಿಮ್ಮಷ್ಟೇ ಸುತ್ತಿಗೆ ಲೆಕ್ಕ ಹಾಕಿರ್ತಾರೆ. ಹ್ಯಾಂಡಿಕ್ಯಾಪ್ ಪೂರ್ತಿ ನ್ಯಾಯ ಅಂತ ನಾನಂತೂ ಹೇಳಲ್ಲ. ರೇಸ್ ಕೊನೇಲಿ ಗಾಳಿ ಎದ್ರೆ ಹಿಂದಿರೋ ನಿಧಾನದ ಬೋಟ್‌ಗಳಿಗೆ ಲಾಭ, ಗಾಳಿ ಸತ್ರೆ ಅಷ್ಟರೊಳಗೆ ಮುಗಿಸಿರೋ ಫಾಸ್ಟ್ ಬೋಟ್‌ಗಳಿಗೆ ಲಾಭ, ಇದಕ್ಕೆ ಯಾವ ಫಾರ್ಮುಲಾನೂ ಇಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ, ಸೀರೀಸ್ ಸ್ಕೋರು. ಲೋ ಪಾಯಿಂಟ್ ಪದ್ಧತೀಲಿ ಮೊದಲನೇ ಸ್ಥಾನಕ್ಕೆ 1, ಎರಡಕ್ಕೆ 2, ಹಿಂಗೆ, ಕಮ್ಮಿ ಇದ್ದೋರು ಗೆಲ್ತಾರೆ. ರೇಸಿಗೆ ಬರದೇ ಇದ್ರೆ ಡಿಎನ್‌ಸಿ, ಬಂದು ಸ್ಟಾರ್ಟ್ ಆಗದಿದ್ರೆ ಡಿಎನ್‌ಎಸ್, ಮುಗಿಸದಿದ್ರೆ ಡಿಎನ್‌ಎಫ್, ಬೇಗ ದಾಟಿ ವಾಪಸ್ ಬರದಿದ್ರೆ ಓಸಿಎಸ್, ರೂಲ್ ಮುರಿದಿದ್ದಕ್ಕೆ ಹೊರಗೆ ಹಾಕಿದ್ರೆ ಡಿಎಸ್‌ಕ್ಯೂ. ಬೇರೆ ಏನೂ ಬರೆದಿಲ್ಲ ಅಂದ್ರೆ ಇವೆಲ್ಲಕ್ಕೂ ಒಂದೇ ಬೆಲೆ, ಸೀರೀಸಿಗೆ ಎಂಟ್ರಿ ಕೊಟ್ಟ ಬೋಟ್‌ಗಳ ಸಂಖ್ಯೆ ಪ್ಲಸ್ ಒಂದು. ನಿಮಗೆ ಬಂದಿರೋ 23 ಅದೇ. ಎಲ್ಲಾ ಭಾನುವಾರ 22 ಬೋಟೂ ನೀರಿಗಿಳಿದಿರಲ್ಲ, ಹತ್ತೇ ಬಂದಿರಬಹುದು, ಆದ್ರೂ 23.

ಇಂಥ ಅಕ್ಷರ ನಿಮಗೆ ಮೂರು ಬಿತ್ತು, ಡಿಸ್ಕಾರ್ಡ್ ಇರೋದು ಎರಡು. ಎರಡು 23 ಹೋಯ್ತು, ಮೂರನೇದು ಉಳ್ಕೊಳ್ತು. ಮುಗಿಸಿದ ಐದೂ ರೇಸ್ ಸೇರಿ ನಿಮ್ಮದು ಬರೀ 14 ಪಾಯಿಂಟ್, ಅದಕ್ಕೆ 23 ಸೇರಿ 37. ಆ ಸೋಲೋದವರು ಒಂದು ಭಾನುವಾರನೂ ತಪ್ಪಿಸಿಲ್ಲ, 8 ಮತ್ತು 7 ಬಿಟ್ಟು ಉಳಿದದ್ದು ಕೂಡಿದ್ರೆ 32. ಆ ಉಳಿದ ಒಂದೇ 23 ನಿಮ್ಮ ಐದು ರೇಸಿನ ಸೇಲಿಂಗಿಗಿಂತ ಭಾರ ಆಯ್ತು. ಕ್ಲಬ್ ಸೀರೀಸಲ್ಲಿ ನಾನು ಮತ್ತೆ ಮತ್ತೆ ನೋಡೋದು ಇದನ್ನೇ, ಬೋಟ್ ಸ್ಪೀಡ್ ಕಮ್ಮಿ ಆಗಿ ಸೀರೀಸ್ ಕಳ್ಕೊಳ್ಳೋರು ಕಮ್ಮಿ, ಡಿಸ್ಕಾರ್ಡ್ ಸಂಖ್ಯೆ ಮೀರಿ ಇಂಥ ಅಕ್ಷರ ಹಾಕಿಸ್ಕೊಂಡು ಕಳ್ಕೊಳ್ಳೋರೇ ಜಾಸ್ತಿ.

ಮಧ್ಯದಲ್ಲಿ ಸುಮ್ನೆ ಹೇಳಿ ಬಿಟ್ಟ ಮಾತು ಅಂದ್ನಲ್ಲ, ಅದು ನಿಮ್ಮ ಏಳನೇ ರೇಸಿನ ಸೇಫ್ಟಿ ಬೋಟ್ ಡ್ಯೂಟಿ. ನೀವು ಮನೇಲಿ ಕೂತಿರಲಿಲ್ಲ, ಬೇರೆಯವರ ರೇಸ್ ನಡೀಲಿ ಅಂತ ಕ್ಲಬ್ ಕೆಲಸಕ್ಕೆ ನಿಂತಿದ್ರಿ. ಅಂಥವರಿಗೆ ಸರಾಸರಿ ಪಾಯಿಂಟ್ ಕೊಡ್ತೀವಿ ಅಂತ ಬಹಳಷ್ಟು ಕ್ಲಬ್‌ಗಳು ತಮ್ಮ ಸೈಲಿಂಗ್ ಇನ್‌ಸ್ಟ್ರಕ್ಷನ್ಸಲ್ಲಿ, ಅಂದ್ರೆ ಸೀರೀಸಿಗೆ ಅಂತ ಕ್ಲಬ್ ಬರೆಯೋ ನಿಯಮಗಳಲ್ಲಿ, ಬರೆದಿರ್ತವೆ. ಇದು ರೂಲ್ ಪುಸ್ತಕದಲ್ಲಿ ತಾನಾಗೇ ಬರೋ ಹಕ್ಕಲ್ಲ, ಕ್ಲಬ್ ಬರೆದಿದ್ರೆ ಮಾತ್ರ ಉಂಟು. ಬರೆದಿದ್ರೂ ಡ್ಯೂಟಿ ಮಾಡಿದೋರು ಹೆಸರು ಕೊಡದಿದ್ರೆ ರಿಸಲ್ಟ್ ಹಾಕೋರಿಗೆ ಗೊತ್ತೇ ಆಗಲ್ಲ, ಕಂಪ್ಯೂಟರ್ ಡಿಎನ್‌ಸಿ ಅಂತ ಹಾಕಿಬಿಡತ್ತೆ. ಆ ಒಂದು ಸಾಲು ಇದ್ರೆ ನಿಮ್ಮ ಸೀರೀಸ್ ಏನಾಗತ್ತೆ ನೋಡಿ: ಆ ರೇಸ್ ಬಿಟ್ಟು ಉಳಿದ ಏಳರ ಸರಾಸರಿ, 4, 2, 3, 23, 2, 3, 23 ಒಟ್ಟು 60, ಏಳರಿಂದ ಭಾಗಿಸಿದ್ರೆ 8.6. ಇನ್ನೆರಡು 23ಗಳು ಡಿಸ್ಕಾರ್ಡಲ್ಲಿ ಹೋಗ್ತವೆ, 14ಕ್ಕೆ 8.6 ಸೇರಿಸಿ 22.6. ಅವರ 32ಕ್ಕಿಂತ ಎಷ್ಟೋ ಮೇಲೆ. ಸರಾಸರಿ ಹೆಂಗೆ ತೆಗೀಬೇಕು ಅನ್ನೋದು ಕ್ಲಬ್ಬಿಂದ ಕ್ಲಬ್ಬಿಗೆ ಬೇರೆ, ಕೆಲವರು ಬರೀ ಎಣಿಕೆಗೆ ಬರೋ ಸ್ಕೋರ್ ತಗೊಳ್ತಾರೆ, ಹಾಗಾಗಿ 8.6 ಅಂತಾನೇ ಪಟ್ಟು ಹಿಡೀಬೇಡಿ. ಇದಕ್ಕೆ ಜಗಳ ಬೇಡ, ಪ್ರೊಟೆಸ್ಟ್ ಬೇಡ, ರಿಸಲ್ಟ್ ನೋಡ್ಕೊಳ್ಳೋರಿಗೆ ಡ್ಯೂಟಿ ತಾರೀಖು ಹಾಕಿ ಒಂದು ಇಮೇಲ್ ಬರೀರಿ. ತಮ್ಮದೇ ದಾಖಲೆ ನೋಡಿ ಸ್ಕೋರ್ ತಪ್ಪಾಗಿದೆ ಅಂತ ಗೊತ್ತಾದ್ರೆ ರೇಸ್ ಕಮಿಟಿ ಅದನ್ನ ಸರಿಮಾಡಲೇಬೇಕು ಅಂತ ರೂಲೇ ಇದೆ. ಆದ್ರೆ ಬೇಗ ಮಾಡಿ, ತಿದ್ದುಪಡಿಗೆ ಗಡುವು ಇಟ್ಟಿರೋ ಕ್ಲಬ್‌ಗಳೂ ಇವೆ, ಬಹುಮಾನ ಕೊಟ್ಟಾದ್ಮೇಲೆ ಕೇಳೋದು ಎಲ್ಲರಿಗೂ ಮುಜುಗರ.

ಅದೇ ಇನ್‌ಸ್ಟ್ರಕ್ಷನ್ಸಲ್ಲಿ ಇನ್ನೊಂದು ಹುಡುಕಿ, ರೂಲ್ ಎ5.3 ಅನ್ವಯ ಆಗತ್ತೆ ಅಂತ ಇದೆಯಾ ಅಂತ. ಬಹಳ ದಿನ ನಡೆಯೋ ಸೀರೀಸಿಗೆ ಅಂತಾನೇ ಇರೋ ಆಯ್ಕೆ ಅದು. ಅದಿದ್ರೆ ಡಿಎನ್‌ಸಿಗೆ ಮಾತ್ರ ಎಂಟ್ರಿ ಪ್ಲಸ್ ಒಂದು, ನೀರಿಗೆ ಬಂದು ಓಸಿಎಸ್ ಅಥವಾ ಡಿಎನ್‌ಎಫ್ ಆದೋರಿಗೆ ಆ ದಿನ ಸ್ಟಾರ್ಟಿಂಗ್ ಜಾಗಕ್ಕೆ ಬಂದಿದ್ದ ಬೋಟ್‌ಗಳ ಸಂಖ್ಯೆ ಪ್ಲಸ್ ಒಂದು. ನಿಮ್ಮ ನಾಲ್ಕನೇ ರೇಸಿಗೆ 10 ಬೋಟ್ ಬಂದಿದ್ವು ಅಂದ್ರೆ ನಿಮ್ಮ ಓಸಿಎಸ್ 23 ಅಲ್ಲ, 11. ಡ್ಯೂಟಿ ಪಾಯಿಂಟ್ ಇಲ್ಲದೇನೂ ಎರಡು ಡಿಎನ್‌ಸಿ ಡಿಸ್ಕಾರ್ಡ್ ಆಗಿ ನಿಮ್ಮ ಒಟ್ಟು 25 ಆಗ್ತಿತ್ತು. ನಿಮ್ಮ ಕ್ಲಬ್ಬಲ್ಲಿ ಇದಿಲ್ಲ ಅಂತ ಕಾಣತ್ತೆ, ಇದ್ದಿದ್ರೆ ಓಸಿಎಸ್‌ಗೆ 23 ಬರ್ತಿರಲಿಲ್ಲ, ಮುಂದಿನ ವರ್ಷಕ್ಕೆ ಬೇಕಾದ್ರೆ ಸೈಲಿಂಗ್ ಕಮಿಟಿ ಮುಂದೆ ಇಡಿ. ಅದರದ್ದೂ ಒಂದು ಅಪಾಯ ಇದೆ, ನೇರವಾಗಿ ಹೇಳ್ಬಿಡ್ತೀನಿ: ಜೋರು ಗಾಳಿ ದಿನ ಐದೇ ಬೋಟ್ ಬಂದ್ರೆ, ಸುಮ್ನೆ ಲೈನ್ ತನಕ ಹೋಗಿ ವಾಪಸ್ ಬಂದೋರಿಗೂ 6 ಪಾಯಿಂಟ್ ಸಿಗತ್ತೆ, ಆ ಆಸೆಗೆ ಹೊಸಬರು ತಮಗೆ ಆಗದ ಗಾಳೀಲಿ ನೀರಿಗಿಳೀತಾರೆ. ಡಿಸ್ಕಾರ್ಡ್ ಮೂರು ಮಾಡಿ ಅಂತ ಕೇಳೋರೂ ಇದ್ದಾರೆ, ಆಗ ಐದು ಒಳ್ಳೇ ದಿನ ಆಡಿ ಮೂರು ದಿನ ಮನೇಲಿದ್ದೋರು ಗೆಲ್ತಾರೆ, ಪ್ರತಿ ವಾರ ಬರೋರಿಗೆ ಬೇಜಾರಾಗತ್ತೆ. ನನ್ನನ್ನ ಕೇಳಿದ್ರೆ ಕ್ಲಬ್ ಸೀರೀಸಿಗೆ ಎ5.3ನೇ ಒಳ್ಳೇದು, ಜೊತೆಗೆ ಜೋರು ಗಾಳೀಲಿ ರೇಸ್ ನಿಲ್ಲಿಸೋ ಧೈರ್ಯ ಇರೋ ರೇಸ್ ಆಫೀಸರ್ ಬೇಕು.

ಡಿಸ್ಕಾರ್ಡ್ ಅನ್ನೋದು ಬರೀ ಲೆಕ್ಕ ಅಲ್ಲ, ಆಟಾನೇ ಬದಲಾಯಿಸತ್ತೆ. ನಿಮ್ಮದೇ ಲೇಸರ್ ಕ್ಲಾಸಲ್ಲಿ 1996ರ ಒಲಿಂಪಿಕ್ಸಿನ ಕೊನೇ ರೇಸಲ್ಲಿ ಬ್ರೆಜಿಲ್‌ನ ರಾಬರ್ಟ್ ಶೈಟ್ ಬ್ಲ್ಯಾಕ್ ಫ್ಲ್ಯಾಗ್ (ಬೇಗ ದಾಟಿದ್ರೆ ನೇರ ಹೊರಗೆ) ಇದ್ದಾಗ್ಲೇ ಸ್ಟಾರ್ಟ್ ಲೈನ್ ಬೇಗ ದಾಟಿದ್ರು, ಬ್ರಿಟನ್ನಿನ ಬೆನ್ ಏನ್ಸ್‌ಲಿನೂ ಜೊತೆಗೆ ದಾಟಿದ್ರು, ಇಬ್ಬರೂ ಡಿಸ್‌ಕ್ವಾಲಿಫೈ ಆದ್ರು, ಪಾಯಿಂಟಲ್ಲಿ ಮುಂದಿದ್ದ ಶೈಟ್‌ಗೆ ಚಿನ್ನ. ನಾಲ್ಕು ವರ್ಷ ಆದ್ಮೇಲೆ ಸಿಡ್ನೀಲಿ ಏನ್ಸ್‌ಲಿ ಕೊನೇ ರೇಸ್ ಗೆಲ್ಲೋಕೆ ಹೋಗಲೇ ಇಲ್ಲ, ಶೈಟ್‌ಗೆ ಬರೋ ಗಾಳಿ ಕಟ್ ಮಾಡ್ತಾ ಅವರನ್ನ ಹಿಂದಕ್ಕೆ ತಳ್ಳಿದ್ರು, ಚಿನ್ನ ಈ ಸಲ ಏನ್ಸ್‌ಲಿಗೆ. ಎರಡೂ ಸಲ ಅವರಿಬ್ಬರಿಗೂ ಯಾವ ಸ್ಕೋರ್ ಎಣಿಕೆಗೆ ಬರತ್ತೆ, ಯಾವುದು ಬಿಟ್ಟುಹೋಗತ್ತೆ ಅಂತ ಬಾಯಿಪಾಠ ಇತ್ತು. ಭಾನುವಾರದ ಕೆರೇಲಿ ಅಷ್ಟು ಬೇಕಾಗಿಲ್ಲ, ಆದ್ರೆ ಈಗಾಗ್ಲೇ ಮದುವೆ ರಜಾ ಒಂದು ಡಿಸ್ಕಾರ್ಡ್ ತಿನ್ನತ್ತೆ ಅಂತ ಗೊತ್ತಿದ್ದಾಗ ಸ್ಟಾರ್ಟಲ್ಲಿ ಅರ್ಧ ಸೆಕೆಂಡಿಗೆ ರಿಸ್ಕ್ ತಗೋಬಾರದು, ಅಷ್ಟು ಸಾಕು.

ಆ ಓಸಿಎಸ್ ಬಗ್ಗೆನೇ ಹೇಳ್ತೀನಿ. ಹಾರ್ನ್ ಕೇಳಿಸ್ತು ಅಂತ ನೀವೇ ಬರೆದಿದ್ದೀರಿ. ಸ್ಟಾರ್ಟ್ ಆದ ತಕ್ಷಣ ಯಾರಾದ್ರೂ ಲೈನ್ ಮೇಲಿದ್ರೆ ಕಮಿಟಿ ಎಕ್ಸ್ ಫ್ಲ್ಯಾಗ್ ಏರಿಸಿ ಒಂದು ಹಾರ್ನ್ ಕೊಡಬೇಕು, ಆ ಫ್ಲ್ಯಾಗ್ ಎಲ್ಲರೂ ವಾಪಸ್ ಬರೋ ತನಕ ಅಥವಾ ಹೆಚ್ಚೂ ಅಂದ್ರೆ ಸ್ಟಾರ್ಟ್ ಆಗಿ ನಾಲ್ಕು ನಿಮಿಷದ ತನಕ ಇರತ್ತೆ. ನಿಮ್ಮ ಹೆಸರೋ ಸೇಲ್ ನಂಬರೋ ಕೂಗೋ ಕಡ್ಡಾಯ ಅವರಿಗಿಲ್ಲ, ಕ್ಲಬ್ ಬರೆದಿದ್ರೆ ಬೇರೆ ಮಾತು. ಫ್ಲ್ಯಾಗ್ ಏರಿಸಲೇ ಇಲ್ಲ ಅಂದ್ರೆ ರಿಡ್ರೆಸ್ (ಕಮಿಟಿ ತಪ್ಪಿಗೆ ಪರಿಹಾರ) ಕೇಳಬಹುದಿತ್ತು, ಅದಕ್ಕೂ ಆವತ್ತೇ ಗಡುವು ಇರತ್ತೆ. ಏರಿಸಿದ್ರು, ನೀವು ನೋಡ್ಲಿಲ್ಲ ಅಂದ್ರೆ ಅದು ನಿಮ್ಮದೇ. ಅನುಮಾನ ಬಂದ್ರೆ ವಾಪಸ್ ಹೋಗಿ, ಚಿಕ್ಕ ಕೆರೇಲಿ ಮೂವತ್ತು ನಲವತ್ತು ಸೆಕೆಂಡ್ ಹೋಗಬಹುದು, ಆರನೇದೋ ಏಳನೇದೋ ಬರ್ತೀರಿ, 23 ಬರಲ್ಲ. ವಾಪಸ್ ಬರ್ತಾ ಮಾತ್ರ ಸರಿಯಾಗಿ ಸ್ಟಾರ್ಟ್ ಆದೋರೆಲ್ಲರಿಗೂ ನೀವೇ ದಾರಿ ಬಿಡಬೇಕು, ಸ್ಟಾರ್‌ಬೋರ್ಡ್ ಮೇಲಿದ್ರೂ ಸರಿ. ರೇಸಿಗೆ ಮುಂಚೆ ಲೈನಿನ ಒಂದು ತುದಿಯ ಆಚೆ ನಿಂತು, ಇನ್ನೊಂದು ತುದಿಯ ಹಿಂದೆ ದಡದಲ್ಲಿ ಯಾವ ಮರ ಇದೆ ನೋಡಿಟ್ಕೊಳ್ಳಿ. ಆಮೇಲೆ ಲೈನ್ ಮಧ್ಯದಲ್ಲಿದ್ದಾಗ ಆ ಮರ ಲೈನಿನ ಆ ತುದಿಗಿಂತ ಯಾವ ಕಡೆ ಕಾಣ್ತಿದೆ ಅನ್ನೋದ್ರಲ್ಲೇ ನೀವು ದಾಟಿದ್ದೀರೋ ಇಲ್ವೋ ಗೊತ್ತಾಗತ್ತೆ.

"ಟಚ್ ಆಗಿಲ್ವಲ್ಲ" ಅನ್ನೋ ಮಾತು ನಂಗೆ ನಿಜವಾಗ್ಲೂ ಬೇಜಾರು ತರಿಸತ್ತೆ, ಯಾಕಂದ್ರೆ ಹೊಸಬರಿಗೆ ತಪ್ಪು ಪಾಠ ಅದು. ಗಾಳಿ ನಿಮ್ಮ ಬಲಗಡೆಯಿಂದ ಬರ್ತಿದ್ರೆ ನೀವು ಸ್ಟಾರ್‌ಬೋರ್ಡ್ ಟ್ಯಾಕ್, ಪೋರ್ಟ್ ಮೇಲಿರೋರು ನಿಮಗೆ ದಾರಿ ಬಿಡಬೇಕು. ದಾರಿ ಬಿಡೋದು ಅಂದ್ರೆ ನೀವು ಏನೂ ತಪ್ಪಿಸ್ಕೊಳ್ಳೋ ಅಗತ್ಯ ಬರದ ಹಾಗೆ ಅವರು ಹೋಗಬೇಕು ಅಂತ, ಟಚ್ ಆಗಿದ್ಯಾ ಇಲ್ವಾ ಅನ್ನೋದು ಪ್ರಶ್ನೆನೇ ಅಲ್ಲ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೈಲಿಂಗ್‌ನ ಕೇಸ್ ಬುಕ್ಕಲ್ಲಿ 50ನೇ ಕೇಸ್ ಸರಿಯಾಗಿ ಇದೇ: ಡಿಕ್ಕಿ ಆಗತ್ತೆ ಅನ್ನೋ ನಿಜವಾದ, ಒಪ್ಪೋವಂಥ ಭಯದಿಂದ ಸ್ಟಾರ್‌ಬೋರ್ಡ್ ಬೋಟ್ ತಿರುಗಿದ್ರೆ, ಪೋರ್ಟ್ ಬೋಟ್ ರೂಲ್ ಮುರಿದ ಹಾಗೇ. ಹಾಗಂತ ಹಕ್ಕಿದೆ ಅಂತ ನೀವು ಹೋಗಿ ಗುದ್ದೋ ಹಾಗೂ ಇಲ್ಲ, ಡಿಕ್ಕಿ ತಪ್ಪಿಸೋ ಜವಾಬ್ದಾರಿ ಎಲ್ಲರ ಮೇಲೂ ಇದೆ, ಹಾನಿ ಅಥವಾ ಗಾಯ ಆದ್ರೆ ದಾರಿಯ ಹಕ್ಕಿದ್ದೋರಿಗೂ ಶಿಕ್ಷೆ ಆಗಬಹುದು. ನೀವು ತಿರುಗಿಸಿದ್ದು ಸರಿ. ಅವರು ಆವಾಗ್ಲೇ ಎರಡು ಸುತ್ತು ಹಾಕಿ, ಅಂದ್ರೆ ಒಂದೇ ದಿಕ್ಕಲ್ಲಿ ಎರಡು ಟ್ಯಾಕ್ (ಗಾಳಿಗೆ ಎದುರಾಗಿ ತಿರುಗೋದು) ಎರಡು ಜೈಬ್ (ಗಾಳಿಗೆ ಬೆನ್ನು ಕೊಟ್ಟು ತಿರುಗೋದು) ಮಾಡಿ, ಮುಂದೆ ಹೋಗಿದ್ರೆ ಅಲ್ಲಿಗೆ ವಿಷಯ ಮುಗೀತಿತ್ತು. ಸಾರಿ ಅಂದ್ರೆ ಮುಗಿಯಲ್ಲ.

ನೀವು ಮಾಡಬಹುದಾಗಿದ್ದು ಏನಪ್ಪಾ ಅಂದ್ರೆ ಸಾಧ್ಯ ಆದ ಮೊದಲ ಕ್ಷಣದಲ್ಲೇ "ಪ್ರೊಟೆಸ್ಟ್" ಅಂತ ಜೋರಾಗಿ ಕೂಗೋದು. 6 ಮೀಟರಿಗಿಂತ ಚಿಕ್ಕ ಬೋಟ್‌ಗೆ ಕೆಂಪು ಫ್ಲ್ಯಾಗ್ ಬೇಡ, ಲೇಸರ್ ನಾಲ್ಕು ಚಿಲ್ಲರೆ ಮೀಟರ್ ಅಷ್ಟೇ. ದಡಕ್ಕೆ ಬಂದು ಗಡುವಿನ ಒಳಗೆ ಬರೆದು ಕೊಡಬೇಕು, ಬೇರೆ ಬರೆದಿಲ್ಲ ಅಂದ್ರೆ ಕೊನೇ ಬೋಟ್ ಮುಗಿಸಿದ ಮೇಲೆ ಎರಡು ಗಂಟೆ. ಕೂಗದೇ ಇದ್ರೆ ಹಿಯರಿಂಗಲ್ಲಿ ಪ್ರೊಟೆಸ್ಟ್ ನಿಲ್ಲಲ್ಲ, ಹಾಗಾಗಿ ಆ ಹಳೇ ರೇಸ್ ಬಿಟ್ಟುಬಿಡಿ. ಹಿಯರಿಂಗ್ ಅಂದ್ರೆ ಕೋರ್ಟು ಕಚೇರಿ ಥರ ಹೆದರೋ ಅಗತ್ಯ ಇಲ್ಲ, ಆದ್ರೆ ಅಪಾಯನೂ ಇದೆ: ಸಾಕ್ಷಿ ಇಲ್ಲದಿದ್ರೆ ಅವರ ಮಾತು ನಿಮ್ಮ ಮಾತು ಅಷ್ಟೇ ಉಳಿಯತ್ತೆ, ವಿಚಾರಣೇಲಿ ನಿಮ್ಮದೇ ತಪ್ಪು ಕಂಡ್ರೆ ಹೊರಗೆ ಹೋಗೋದು ನೀವೇ. ಬ್ರಿಟನ್ನಲ್ಲಿ ಆರ್‌ವೈಎ ಇದಕ್ಕೆ ಮೆತ್ತಗಿನ ದಾರಿ ಮಾಡಿದೆ, ಅಡ್ವೈಸರಿ ಹಿಯರಿಂಗ್ ಅಂತ, ರೂಲ್ ಗೊತ್ತಿರೋ ಒಬ್ರು ಇಬ್ಬರ ಮಾತೂ ಕೇಳಿ ಅಭಿಪ್ರಾಯ ಹೇಳ್ತಾರೆ, ಯಾರನ್ನೂ ಡಿಸ್‌ಕ್ವಾಲಿಫೈ ಮಾಡಲ್ಲ. ನಿಮ್ಮಂಥ ಕ್ಲಬ್ಬಿಗೆ ಇದು ಹೇಳಿ ಮಾಡಿಸಿದ್ದು, ಹಿರಿಯರ ಜೊತೆ ಟೀ ಕುಡೀತಾನೇ ಕೇಳಬಹುದು. ಈ ರೂಲ್ ಪುಸ್ತಕ ಎಲ್ಲಾ ಕಡೆ ಒಂದೇ, ನಾಳೆ ನೀವು ಊರಿಗೆ ಬಂದು ಕೆಆರ್‌ಎಸ್ ಹಿನ್ನೀರಲ್ಲಿ ರೇಸ್ ಮಾಡಿದ್ರೂ ಪೋರ್ಟ್ ಸ್ಟಾರ್‌ಬೋರ್ಡ್ ಬದಲಾಗಲ್ಲ. ನಾಲ್ಕು ವರ್ಷಕ್ಕೊಮ್ಮೆ ತಿದ್ದಿ ಹೊಸದು ಬರತ್ತೆ, ಈಗ ನಡೀತಿರೋದು 2025ರಿಂದ 2028ರ ಆವೃತ್ತಿ, ಪ್ರೊಟೆಸ್ಟ್ ಭಾಗವನ್ನ ಇದರಲ್ಲಿ ಪೂರ್ತಿ ಹೊಸದಾಗಿ ಜೋಡಿಸಿದ್ದಾರೆ, ಹಳೇ ಪುಸ್ತಕ ಯಾರಾದ್ರೂ ಕೊಟ್ರೆ ಅದನ್ನ ನಂಬ್ಕೋಬೇಡಿ.

ಕೊನೇದು, ಲೇಸರ್ ಮಾರೋದು. ಈ ಲೆಕ್ಕದ ಕಾರಣಕ್ಕೆ ಮಾರಬೇಡಿ, ಸೋಲೋ ಓಡಿಸಿದ್ರೂ ಮೂರು ಅಕ್ಷರ ಬಿದ್ರೆ ಇದೇ 37ರ ಆಸುಪಾಸೇ ಬರೋದು. ಆದ್ರೆ 62 ಕೆಜಿ ಅಂತ ಬರೆದಿರೋದು ನಂಗೆ ಮುಖ್ಯ ಅನ್ಸತ್ತೆ. 7.06 ಚದರ ಮೀಟರ್ ಹಾಯಿ ಸುಮಾರು 80 ಕೆಜಿ ಇರೋರಿಗೆ ಹೊಂದೋದು, ಗಾಳಿ ಎದ್ದ ದಿನ ಬೋಟ್ ಮಲಗಿಸದೇ ಹಿಡಿಯೋದೇ ನಿಮಗೆ ಕಷ್ಟ ಆಗ್ತಿರಬೇಕು. ಅದೇ ಬೋಟಿಗೆ 5.76 ಚದರ ಮೀಟರಿನ ಹಾಯಿ, ಜೊತೆಗೆ ಹಾಯಿಕಂಬದ ಕೆಳಗಿನ ತುಂಡು ಮಾತ್ರ ಬೇರೆ ತಗೊಂಡ್ರೆ ಅದು ಐಎಲ್‌ಸಿಎ 6 ಆಗತ್ತೆ (ಐಎಲ್‌ಸಿಎ ಅನ್ನೋದು ಲೇಸರಿನ ಈಗಿನ ಹೆಸರು), ಹಿಂದೆ ರೇಡಿಯಲ್ ಅಂತಿದ್ರು. ಚಿಕ್ಕ ಹಾಯಿ ಅಂತ ಸಂಕೋಚ ಬೇಡ, ನಮ್ಮ ದೇಶದ ನೇತ್ರಾ ಕುಮನನ್ ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸಲ್ಲಿ ಓಡಿಸಿದ್ದು ಇದನ್ನೇ, ವಿಷ್ಣು ಸರವಣನ್ ಓಡಿಸಿದ್ದು ನಿಮ್ಮ ಹತ್ರ ಈಗ ಇರೋ ದೊಡ್ಡ ಹಾಯಿದು. ಹ್ಯಾಂಡಿಕ್ಯಾಪ್ ನಂಬರ್ ಕೂಡ 1150ರ ಆಸುಪಾಸಿಗೆ ಹೋಗತ್ತೆ, ಅಂದ್ರೆ ಸೋಲೋಗಿಂತ ನಿಮಗೇ ಸ್ವಲ್ಪ ಸಮಯ ಜಾಸ್ತಿ ಸಿಗತ್ತೆ. ತೆಳು ಗಾಳಿ ದಿನ ದೊಡ್ಡ ಹಾಯಿ, ಜೋರು ದಿನ ಚಿಕ್ಕದು ಅಂತ ಒಂದೇ ಸೀರೀಸಲ್ಲಿ ಬದಲಾಯಿಸೋಕೆ ಕೆಲವು ಕ್ಲಬ್ ಬಿಡ್ತವೆ, ಕೆಲವು ಬಿಡಲ್ಲ, ಬಿಟ್ರೂ ಎರಡನ್ನೂ ಬೇರೆ ಬೇರೆ ಎಂಟ್ರಿ ಅಂತ ಎಣಿಸೋ ಕಡೆ ಇದೆ, ಹಾಗಾದ್ರೆ ಮತ್ತೆ ಡಿಎನ್‌ಸಿಗಳು ಬಂದು ಕೂರ್ತವೆ, ಅದನ್ನ ಮೊದ್ಲೇ ಕೇಳ್ಕೊಳ್ಳಿ. ಪ್ರತಿ ಸಲ ಸೈನ್ ಆನ್ ಮಾಡೋವಾಗ ಇವತ್ತು ಯಾವ ಹಾಯಿ ಅಂತ ಶೀಟಲ್ಲಿ ಬರೀರಿ, ಬರೀದಿದ್ರೆ ಅವರು 1100ರಲ್ಲೇ ಲೆಕ್ಕ ಹಾಕ್ತಾರೆ.